ಮಳೆಗಾಲದಲ್ಲಿ ಮತ್ತಿ ಮೀನು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಜೂನ್ ಬಂದರೆ ನಮ್ಮ ವಿರಾಜಪೇಟೆ ಮಾರ್ಕೆಟ್‌ನಲ್ಲಿ ತಾಜಾ ಮತ್ತಿಯೇ (ಬೂತಾಯಿ) ಅಪರೂಪ. ಸಮುದ್ರದಲ್ಲೇ ಕಡಿಮೆಯಾಗುತ್ತದಾ?
– ಒಬ್ಬ ಓದುಗರು, ವಿರಾಜಪೇಟೆ

ಉತ್ತರ: ಇಲ್ಲ, ತಿರುಗುಮುರುಗು. ಮತ್ತಿಗೆ ಅದು ಸುಗ್ಗಿ ಕಾಲ. ಕಡಿಮೆಯಾಗೋದು ದೋಣಿಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ.

ಮುಂಗಾರು ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆ ನೀರು ಏರಿ ಬರುತ್ತದೆ, ಗೊಬ್ಬರದಂಥ ಸಾರವನ್ನೂ ಹೊತ್ತು ತರುತ್ತದೆ. ಕಣ್ಣಿಗೆ ಕಾಣದ ಡಯಾಟಮ್ ಪಾಚಿ ಹುಲುಸಾಗಿ ಬೆಳೆಯುತ್ತದೆ. ಮತ್ತಿ ಬಾಯಿ ತೆರೆದು ಈಜುತ್ತಾ ಕಿವಿರಿನ ಜರಡಿಯಲ್ಲಿ ಅದನ್ನು ಸೋಸಿ ತಿನ್ನುತ್ತದೆ. ಮೊಟ್ಟೆ ಇಡೋದೂ ಮುಖ್ಯವಾಗಿ ಈ ತಿಂಗಳುಗಳಲ್ಲೇ. ಮಳೆ ಮುಗಿದ ಮೇಲೆ ಬರುವ ಮತ್ತಿ ಕೊಯ್ದು ನೋಡಿ, ಚಾಕುವಿಗೆ ಕೊಬ್ಬು ಅಂಟುತ್ತದೆ. ನನ್ನ ಪ್ರಕಾರ ರುಚಿ ಇರೋದೇ ಅಲ್ಲಿ.

ಆದರೆ ಮತ್ತಿಯನ್ನು ಪೂರ್ತಿ ನಂಬುವಂತಿಲ್ಲ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೀ 3,300 ಟನ್ ಆಸುಪಾಸು! ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಇದರ ಹಿಂದೆ ಬಿದ್ದು ಕೆಲಸ ಮಾಡಿದ್ದಾರೆ. ಎಲ್ ನಿನೋ (ಕೆಲವು ವರ್ಷಕ್ಕೊಮ್ಮೆ ಪೆಸಿಫಿಕ್ ಸಾಗರ ಬಿಸಿಯೇರೋದು) ಬಂದಾಗ ನಮ್ಮ ಸಮುದ್ರವೂ ಬಿಸಿಯಾಗೋದು ಒಂದು ಕಾರಣ, ಮರಿಗಳನ್ನೂ ಬಿಡದೆ ಬಾಚೋದು ಇನ್ನೊಂದು. ಎರಡನೆಯದಕ್ಕೆ ಗಿರಾಕಿಗಳಾದ ನಾವೂ ಹೊಣೆ, ಅಲ್ವಾ? ಬೆರಳುದ್ದದ ಮತ್ತಿ ಕಂಡರೆ ಸುಮ್ನೆ ಮುಂದೆ ಹೋಗಿ.

ಕಕ್ಕಡದಲ್ಲಿ, ಅಂದರೆ ಕೊಡವರ ಮಳೆಗಾಲದ ತಿಂಗಳಲ್ಲಿ, ಹೇಗೂ ಗದ್ದೆ ಏಡಿ, ಅಣಬೆ ಇದ್ದೇ ಇರುತ್ತದೆ. ಆಗಸ್ಟ್‌ನ ಮೊದಲ ಲೋಡಿಗೆ ರೇಟ್ ಜಾಸ್ತಿ. ಒಂದು ವಾರ ತಡೆದು ಕೊಳ್ಳಿ.