ಪಾಲಿಕ್ಲಿನಿಕ್ ಹುದ್ದೆ ಬಿಟ್ಟು ಪಟ್ಟಿಯಲ್ಲಿರುವ ಆಸ್ಪತ್ರೆ ಹುಡುಕಿ
ಎದೆ-ಹೃದಯದ ಸರ್ಜರಿಯಲ್ಲಿ ಎಂಸಿಎಚ್ (ಸರ್ಜರಿಯ ಸೂಪರ್ ಸ್ಪೆಷಾಲಿಟಿ ಪದವಿ) ಇದ್ದೂ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ‘ಮೆಡಿಕಲ್ ಸ್ಪೆಷಲಿಸ್ಟ್’ ಗುತ್ತಿಗೆ ಕೆಲಸ ಯಾಕೆ ಸಿಗಲಿಲ್ಲ, ಬೆಂಗಳೂರಿನಲ್ಲಿ ವಾರಕ್ಕೆ ಎರಡು ದಿನ ಮಾಜಿ ಸೈನಿಕರಿಗೆ ಸರ್ಜರಿ ಮಾಡಲು ಬೇರೆ ದಾರಿ ಏನು ಅಂತ ಕೇಳಿದ್ದೀರಿ. ಕೆಲಸ ಸಿಗದಿರಲು ಕಾರಣ ಬಹುಶಃ ಹುದ್ದೆಯ ಹೆಸರೇ. ಅದು ಜನರಲ್ ಮೆಡಿಸಿನ್ ಎಂಡಿ ಮಾಡಿದವರಿಗೆ. ನಾನೂ ಒಮ್ಮೆ ಹೀಗೇ ಅರ್ಜಿ ಹಾಕಿದ್ದೆ. ಮಾಜಿ ಸೈನಿಕರ ಪಾಲಿಕ್ಲಿನಿಕ್ ಇರುವುದು ಹೊರರೋಗಿಗಳಿಗೆ. ಬೈಪಾಸ್ ಬೇಕಾದವರನ್ನು ಸೇನಾ ಆಸ್ಪತ್ರೆಗೋ ಈ ಯೋಜನೆಯ ಮಾನ್ಯತೆ ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಗೋ ಕಳಿಸುತ್ತಾರೆ.

ವಾರಕ್ಕೆ ಎರಡು ದಿನ ಸಾಕು ಅಂದಿದ್ದೀರಲ್ವಾ, ನಿಮ್ಮ ದಾರಿ ಆ ಪಟ್ಟಿಯೇ. ಇಸಿಎಚ್‌ಎಸ್ ವೆಬ್‌ಸೈಟಿನಲ್ಲಿ ಬೆಂಗಳೂರಿನದ್ದು ತೆಗೆಯಿರಿ. ಹೆಸರಷ್ಟೇ ನೋಡಬೇಡಿ. ಹೃದಯದ ಸರ್ಜರಿಗೆ ಮಾನ್ಯತೆ ಇದೆಯಾ, ಅವಧಿ ಮುಗಿದಿಲ್ಲ ತಾನೇ ಅಂತ ಖಚಿತ ಮಾಡಿಕೊಳ್ಳಿ. ಆಮೇಲೆ ಅಲ್ಲಿನ ಮೆಡಿಕಲ್ ಡೈರೆಕ್ಟರ್ ಹತ್ತಿರ ವಿಸಿಟಿಂಗ್ ಕನ್ಸಲ್ಟೆಂಟ್ (ಗೊತ್ತಾದ ದಿನ ಬಂದು ಹೋಗುವ ತಜ್ಞ) ಆಗುವ ಬಗ್ಗೆ ಮಾತಾಡಿ.

ಸಹಿ ಹಾಕುವ ಮುಂಚೆ ಎರಡು ವಿಷಯ ಕರಾರಿನಲ್ಲಿ ಬರೆಸಿಕೊಳ್ಳಿ. ಈ ಯೋಜನೆಯ ರೋಗಿಗಳಿಗೆ ಸರ್ಕಾರಿ ದರ ಅನ್ವಯ, ಅದರಲ್ಲಿ ನಿಮ್ಮ ಪಾಲು ಎಷ್ಟು, ಯಾವಾಗ ಕೊಡುತ್ತಾರೆ ಅನ್ನುವುದು ಒಂದು. ನೀವಿಲ್ಲದ ದಿನ ಐಸಿಯುನಲ್ಲಿ ನಿಮ್ಮ ರೋಗಿಯ ಹೊಣೆ ಯಾರದ್ದು ಅನ್ನುವುದು ಇನ್ನೊಂದು. ನನಗೆ ಎರಡನೆಯದೇ ಜಾಸ್ತಿ ಮುಖ್ಯ. ರಾತ್ರಿ ಎರಡು ಗಂಟೆಗೆ ಡ್ರೈನ್ ಬಾಟಲಿ (ಸರ್ಜರಿ ನಂತರ ಎದೆಯಿಂದ ಸೋರುವ ರಕ್ತ ಸೇರುವ ಬಾಟಲಿ) ರಕ್ತದಿಂದ ತುಂಬುತ್ತಾ ಬಂದರೆ ಯಾರಾದರೂ ತಕ್ಷಣ ಎದೆ ಮತ್ತೆ ತೆರೆಯಬೇಕು. ಅಂಥವರ ಹೆಸರು ಬರೆದು ಕೊಡದಿದ್ದರೆ ಒಪ್ಪಬೇಡಿ.

ಸಮವಸ್ತ್ರವೇ ಹಾಕಬೇಕು ಅಂದರೆ ಆರ್ಮಿ ಮೆಡಿಕಲ್ ಕೋರ್‌ನ ಶಾರ್ಟ್ ಸರ್ವಿಸ್ ಕಮಿಷನ್ (ಸೀಮಿತ ಅವಧಿಗೆ ಸೇನೆಯ ವೈದ್ಯಾಧಿಕಾರಿಯಾಗುವ ನೇಮಕ) ಇದೆ. ಮೊದಲ ಅವಧಿಯೇ 5 ವರ್ಷ, ಪೋಸ್ಟಿಂಗ್ ಎಲ್ಲಿಗಾದರೂ ಆಗಬಹುದು. ವಯಸ್ಸಿನ ಮಿತಿಯೂ ಇದೆ, ಜಾಹೀರಾತು ಬಂದಾಗ ಮೊದಲು ಅದನ್ನೇ ನೋಡಿ.