ಚಳಿ ಬಂದರೆ ಬಾಗಿಲು ಹಾಕಿಕೊಳ್ಳುತ್ತೇನೆ, ಏನು ಮಾಡಲಿ?

ಪ್ರಶ್ನೆ: ನನಗೆ 67 ವರ್ಷ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಮಗಳು ಬೆಂಗಳೂರಿನಲ್ಲಿದ್ದಾಳೆ, ಮೈಸೂರಿನ ಮನೆಯಲ್ಲಿ ನಾನೊಬ್ಬಳೇ. ಕಾರ್ತಿಕ ಮುಗಿದು ಚಳಿ ಶುರುವಾದರೆ ಮಂಡಿನೋವು ಜಾಸ್ತಿ, ಬಿಪಿ ಬೇರೆ. ಸಂಜೆ ಐದಕ್ಕೇ ಬಾಗಿಲು ಹಾಕಿ ಟೀವಿ ಮುಂದೆ ಕೂರುತ್ತೇನೆ. ಮೊದಲೆಲ್ಲ ಸಂಕ್ರಾಂತಿಗೆ ಇಪ್ಪತ್ತು ಮನೆಗೆ ಎಳ್ಳು ಬೀರುತ್ತಿದ್ದೆ. ಈಗ ಯಾರೂ ಕರೆಯುವುದಿಲ್ಲ. ಪಾರ್ಕಿನ ವಾಕಿಂಗ್ ಗುಂಪಿಗೆ ಎರಡು ದಿನ ಹೋದೆ, ಮಾತು ಹುಟ್ಟಲಿಲ್ಲ. ‘ಎಲ್ಲಾದರೂ ಸ್ವಯಂಸೇವೆಗೆ ಸೇರಿಕೋ’ ಅನ್ನುತ್ತಾಳೆ ಮಗಳು. ಈ ವಯಸ್ಸಿನಲ್ಲಿ ನನ್ನಿಂದ ಯಾರಿಗೆ ಏನು ಉಪಯೋಗ?

ಉತ್ತರ: ಮೊದಲು ಆ ಎಳ್ಳಿನ ಮಾತು. ಗಂಡ ಹೋದ ಮೇಲೆ ಹೆಣ್ಣುಮಕ್ಕಳನ್ನು ಅರಿಶಿನ ಕುಂಕುಮಕ್ಕೆ ಕರೆಯದೆ ಬಿಡುವುದು ತಪ್ಪು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ಗೌರಿ ಹಬ್ಬ, ನವರಾತ್ರಿ, ಸಂಕ್ರಾಂತಿ ಅಂತ ನಾಲ್ಕು ಜನರ ಮುಖ ನೋಡುವ ದಿನಗಳೇ ಇವು. ಅಷ್ಟೂ ಬಾಗಿಲು ಒಟ್ಟಿಗೇ ಮುಚ್ಚಿದರೆ ಯಾರಾದರೂ ಮೂಲೆ ಸೇರುತ್ತಾರೆ. ನಿಮ್ಮ ಸ್ವಭಾವದಲ್ಲಿ ಏನೋ ಕೊರತೆ ಇದೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಪಾರ್ಕಿನಲ್ಲಿ ಮಾತು ಹುಟ್ಟದ್ದೂ ಸಹಜವೇ. ವರ್ಷಗಟ್ಟಲೆ ಜೊತೆಗೆ ನಡೆದವರ ಮಧ್ಯೆ ಹೊಸಬರು ಏನಂತ ಮಾತಾಡಬೇಕು? ಕೈಗೊಂದು ಕೆಲಸ ಇದ್ದರೆ ಆ ಕಷ್ಟ ಇರುವುದಿಲ್ಲ. ಅವರೆಕಾಯಿ ಸುಲಿಯಲು ನಾಲ್ಕು ಜನ ಬಿಸಿಲಲ್ಲಿ ಜಗಲಿ ಮೇಲೆ ಕೂತಿದ್ದನ್ನು ನೆನಪಿಸಿಕೊಳ್ಳಿ. ಬೆರಳಿಗೆ ಸೊಗಡು ಅಂಟುವ ಹೊತ್ತಿಗೆ ಮಾತು ಮಕ್ಕಳ ಮದುವೆವರೆಗೆ ಹೋಗಿರುತ್ತದೆ, ಅಲ್ವಾ? ಹಾಗಾಗಿ ನಿಮಗೆ ಬೇಕಾದ್ದು ಗೊತ್ತಾದ ದಿನ, ಗೊತ್ತಾದ ಹೊತ್ತು, ಗೊತ್ತಾದ ಒಂದು ಕೆಲಸ. ನೀವು ಹೋಗದಿದ್ದರೆ ‘ಯಾಕೆ ಬರಲಿಲ್ಲ?’ ಅಂತ ಕೇಳುವವರು ಅಲ್ಲಿರಬೇಕು.

ಗಣಿತದ ಮೇಷ್ಟ್ರು ‘ನನ್ನಿಂದ ಏನು ಉಪಯೋಗ’ ಅಂದರೆ ನಾನು ಒಪ್ಪುವುದಿಲ್ಲ. ಜನವರಿ ಅಂದರೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಗಣಿತದ ಭಯ ಹೊಟ್ಟೆಗೆ ಇಳಿಯುವ ತಿಂಗಳು. ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿ. ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರ ಕಿವಿಗೂ ವಿಷಯ ಹಾಕಿ. ‘ಮಂಗಳವಾರ, ಶುಕ್ರವಾರ ಒಂದೊಂದು ಗಂಟೆ, ಹಿಂದೆ ಬಿದ್ದ ಐದಾರು ಮಕ್ಕಳನ್ನು ಕೊಡಿ ಸಾಕು’ ಅನ್ನಿ. ಇಡೀ ತರಗತಿ ಒಪ್ಪಿಕೊಳ್ಳಬೇಡಿ. ಒಳಗೆ ತಂಡಿ ಅನಿಸಿದರೆ ಹೊರಗೆ ಬಿಸಿಲು ಬೀಳುವ ಕಡೆ ಕೂರಿಸಿಕೊಳ್ಳಿ.

ಇದು ಮಕ್ಕಳಿಗೆ ಮಾತ್ರ ಒಳ್ಳೆಯದು ಅಂತಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ‘ಎಕ್ಸ್‌ಪೀರಿಯೆನ್ಸ್ ಕೋರ್’ ಅನ್ನುವ ಯೋಜನೆಯಲ್ಲಿ 60 ದಾಟಿದವರನ್ನು ಪ್ರಾಥಮಿಕ ಶಾಲೆಗಳಿಗೆ ಕಳಿಸಿದರು. ವಾರಕ್ಕೆ 15 ಗಂಟೆ ಮಕ್ಕಳ ಓದಿಗೆ ನೆರವಾಗುವ ಕೆಲಸ. ಆ ಹಿರಿಯರ ಆರೋಗ್ಯವನ್ನೂ ಸಂಶೋಧಕರು ಗಮನಿಸಿದರು. ಶಾಲೆಗೆ ಹೋದ ಮಹಿಳೆಯರ ನಡಿಗೆ, ಹೋಗದವರಿಗಿಂತ ಜಾಸ್ತಿ ಇತ್ತು. ವ್ಯಾಯಾಮ ಮಾಡಿ ಅಂತ ಅವರಿಗೆ ಯಾರೂ ಉಪದೇಶ ಕೊಟ್ಟಿರಲಿಲ್ಲ. ಮಕ್ಕಳು ಕಾಯುತ್ತಾರೆ, ಹೋಗಬೇಕು, ಅಷ್ಟೇ. ನಿಮ್ಮ ಲೆಕ್ಕವನ್ನೇ ನೋಡಿ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆ ಇಪ್ಪತ್ತು ನಿಮಿಷದ ದಾರಿಯಾದರೆ, ಎರಡು ದಿನ ಹೋಗಿ ಬಂದರೆ 80 ನಿಮಿಷ. ಅರ್ಧಕ್ಕಿಂತ ಜಾಸ್ತಿ ಅಲ್ಲೇ ಮುಗಿಯಿತು.

ಇನ್ನು ಬಯಲಿನ ವಿಷಯ. ಮೈಸೂರಿನಲ್ಲಿದ್ದು ಚಳಿಗಾಲ ಮನೆಯೊಳಗೆ ಕಳೆಯುವುದು ನನಗೆ ನಿಜಕ್ಕೂ ಸಂಕಟದ ಮಾತು. ಕುಕ್ಕರಹಳ್ಳಿ, ಲಿಂಗಾಂಬುಧಿ ಕೆರೆಗಳು ಊರೊಳಗೇ ಇವೆ. ನಂಜನಗೂಡು ಕಡೆಯ ‘ಹದಿನಾರು’ ಅನ್ನುವ ಊರಿನ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುತ್ತವೆ. ಜನವರಿಯಲ್ಲಿ ಏಷ್ಯಾದ ನೀರುಹಕ್ಕಿಗಳ ಗಣತಿ ನಡೆಯುತ್ತದೆ. 1987ರಿಂದ ನಡೆದು ಬಂದಿರುವ ಈ ಗಣತಿಯ ಬಹುಪಾಲು ಕೆಲಸ ಸ್ವಯಂಸೇವಕರದ್ದೇ.

ಅಂಥ ಒಂದು ಗಣತಿಗೆ ನಾನೂ ಹೋಗಿದ್ದೆ. ಮಫ್ಲರ್ ಸುತ್ತಿಕೊಂಡ ಹಿರಿಯರೊಬ್ಬರು ಕೆರೆಯ ಏರಿ ಮೇಲೆ ಮಡಚುವ ಕುರ್ಚಿ ಹಾಕಿ ಕೂತಿದ್ದರು. ದೂರದ್ದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ಬೈನಾಕ್ಯುಲರ್ ಹಿಡಿದ ಹುಡುಗಿ ‘ಹೆಜ್ಜಾರ್ಲೆ ಮೂರು, ನಾಮದ ಕೋಳಿ ಹನ್ನೊಂದು’ ಅಂತ ಕೂಗುತ್ತಿದ್ದಳು. ಇವರು ನೋಟ್‌ಬುಕ್ಕಿನಲ್ಲಿ ನಾಲ್ಕು ಗೀಟು ಎಳೆದು, ಐದನೆಯದನ್ನು ಅಡ್ಡ ಹಾಕುತ್ತಿದ್ದರು. ಹುಡುಗಿ ತಪ್ಪಿ ಎರಡು ಸಲ ಕೂಗಿದರೆ ‘ಅದನ್ನ ಆಗಲೇ ಹೇಳಿದೆ ಮಗಾ’ ಅನ್ನುತ್ತಿದ್ದರು. ಮಧ್ಯೆ ಫ್ಲಾಸ್ಕಿನ ಕಾಫಿ ಬಂತು. ಹುಡುಗಿ ಮೊದಲ ಲೋಟ ಅವರ ಕೈಗೇ ಕೊಟ್ಟಳು. ಮಂಡಿನೋವಿರುವ ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಸರಿಯಾದ ಜಾಗ ಎಲ್ಲಿದೆ ಹೇಳಿ?

ಹಕ್ಕಿಗಳ ಹೆಸರು ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ಫೆಬ್ರವರಿಯಲ್ಲಿ ನಾಲ್ಕು ದಿನ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಇರುತ್ತದೆ. ಭಾರತದಿಂದಲೂ 2013ರಿಂದ ಜನ ಸೇರುತ್ತಿದ್ದಾರೆ. ಮನೆ ತಾರಸಿಯಲ್ಲಿ ಕನಿಷ್ಠ 15 ನಿಮಿಷ ನಿಂತು ಕಂಡ ಹಕ್ಕಿಗಳನ್ನು ಎಣಿಸಿ, ಮೊಬೈಲ್ ಆ್ಯಪ್‌ನಲ್ಲಿ ಬರೆದರೆ ಆಯಿತು. ಪಕ್ಕದ ಮನೆಯ ಮಗುವನ್ನು ಜೊತೆಗೆ ಕರೆದುಕೊಳ್ಳಿ.

ಆರೋಗ್ಯದ ವಿಷಯಕ್ಕೆ ಬರೋಣ. ಚಳಿಗೆ ರಕ್ತನಾಳಗಳು ಬಿಗಿಯುತ್ತವೆ, ಬಿಪಿ ಏರುತ್ತದೆ. ಹಾಗಾಗಿ ಕತ್ತಲಿರುವಾಗಲೇ ಹೊರಡುವುದು ಬೇಡ. ಬಿಸಿಲು ಏರಿದ ಮೇಲೆ ಹೋಗಿ. ಬೆಳಗಿನ ಮಾತ್ರೆ ತಪ್ಪಿಸಬೇಡಿ. ಕಿವಿ ಮುಚ್ಚಿ, ಒಂದು ದಪ್ಪ ಸ್ವೆಟರ್ ಬದಲು ತೆಳು ಬಟ್ಟೆ ಎರಡು ಮೂರು ಹಾಕಿ, ಸೆಕೆಯಾದರೆ ಒಂದು ತೆಗೆಯಬಹುದು. ಬಾಯಾರದಿದ್ದರೂ ನೀರು ಕುಡಿಯಿರಿ. ಎಳೆಬಿಸಿಲಿನಿಂದ ವಿಟಮಿನ್ ಡಿ ಸಿಗುತ್ತದೆ ಅಂತ ಎಲ್ಲರೂ ನಂಬಿದ್ದಾರೆ. ಅದರಲ್ಲಿ ಸಿಗುವುದು ತುಂಬಾ ಕಡಿಮೆ. ಸೂರ್ಯ ಮೇಲೇರಿದ ಹತ್ತು ಗಂಟೆಯ ನಂತರದ ಬಿಸಿಲು ಬೇಕು. ನಡೆಯುವಾಗ ಎದೆ ಹಿಡಿದಂತಾದರೆ, ಉಸಿರು ಕಟ್ಟಿದರೆ ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ.

ಒಂದು ಮಾತು ಕೇಳಲೇಬೇಕು. ಎರಡು ವಾರದಿಂದ ನಿದ್ದೆ, ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದಂತೆ ಇದೆಯೇ? ಹಾಗಿದ್ದರೆ ಅದಕ್ಕೆ ಚಿಕಿತ್ಸೆ ಬೇಕು, ಸ್ವಯಂಸೇವೆ ಆಮೇಲೆ. 14416 ಟೆಲಿ ಮಾನಸ್ ಸಹಾಯವಾಣಿ. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಸಲ ಡಿಸೆಂಬರ್ ಕೊನೆಗೇ ಕೊಬ್ಬರಿ, ಬೆಲ್ಲ ತಂದಿಡಿ. ಸಣ್ಣಗೆ ಹೆಚ್ಚಿ, ತಾರಸಿ ಮೇಲೆ ಬಟ್ಟೆ ಹಾಸಿ ಒಣಗಿಸಿ. ಹಬ್ಬದ ಮಾರನೇ ದಿನ ಪೊಟ್ಟಣ ಕಟ್ಟಿಕೊಂಡು ಶಾಲೆಗೆ ಹೋಗಿ ನಿಮ್ಮ ಐದಾರು ಮಕ್ಕಳಿಗೆ ಎಳ್ಳು ಬೀರಿ.

ಪ್ರಶ್ನೆ: ನಿವೃತ್ತ ಬ್ಯಾಂಕ್ ನೌಕರ, ಬೆಂಗಳೂರು. ಬಡಾವಣೆಯ ಕೆರೆ ಸ್ವಚ್ಛತೆಗೆ ಸೇರಿದೆ. ಈಗ ಲೆಕ್ಕಪತ್ರ, ಫೋನು, ಪಾಲಿಕೆ ಓಡಾಟ ಎಲ್ಲ ನನ್ನ ತಲೆ ಮೇಲೆ. ಬಿಟ್ಟರೆ ನಿಂತುಹೋಗುತ್ತದೆ ಅನ್ನುವ ಚಿಂತೆ.

ಉತ್ತರ: ಪೂರ್ತಿ ಬಿಡಬೇಡಿ. ಲೆಕ್ಕಪತ್ರ ಇಟ್ಟುಕೊಳ್ಳಿ, ಅದು ನಿಮಗೆ ನೀರು ಕುಡಿದಷ್ಟು ಸುಲಭ. ಓಡಾಟವನ್ನು ಮಾರ್ಚ್ 31ಕ್ಕೆ ಬಿಡುತ್ತೇನೆ ಅಂತ ಇವತ್ತೇ ಗುಂಪಿನಲ್ಲಿ ತಿಳಿಸಿ. ಅಲ್ಲಿಯವರೆಗೆ ಪಾಲಿಕೆಗೆ ಹೋಗುವಾಗಲೆಲ್ಲ ಕಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಯಾವ ಮೇಜಿಗೆ ಯಾವ ಕಾಗದ ಅನ್ನುವುದು ಅವರಿಗೂ ಗೊತ್ತಾಗಲಿ. ಭಾನುವಾರ ಬೆಳಿಗ್ಗೆ ಮಾತ್ರ ಫೈಲು ಮನೆಯಲ್ಲಿಟ್ಟು, ಗುದ್ದಲಿ ಹಿಡಿದು ಎಲ್ಲರ ಜೊತೆ ಕೆರೆ ದಂಡೆಗೆ ಹೋಗಿ.