ರಿಂಗೆಟ್ ಆಟಕ್ಕೆ ಸಂಕೋಚದ ಮಗಳನ್ನು ಸೇರಿಸಬಹುದೇ?

ಶಿವಮೊಗ್ಗದಿಂದ ಕೆನಡಾಕ್ಕೆ ಹೊರಟಿದ್ದೀರಿ, ಅಲ್ಲಿ ಹತ್ತು ವರ್ಷದ ಮಗಳನ್ನು ಮಂಜುಗಡ್ಡೆಯ ಮೇಲೆ ಆಡುವ ರಿಂಗೆಟ್ ಎಂಬ ಆಟಕ್ಕೆ ಸೇರಿಸಲು ಹೇಳಿದ್ದಾರೆ, ಆದರೆ ಅವಳು ಯಾವ ಆಟದಲ್ಲೂ ಮುಂದೆ ಬರುವವಳಲ್ಲ ಎಂದು ಬರೆದಿದ್ದೀರಿ. ಧಾರಾಳವಾಗಿ ಸೇರಿಸಿ. ನಾನು ತೀರ್ಥಹಳ್ಳಿ ಕಡೆಯ ನಿವೃತ್ತ ದೈಹಿಕ ಶಿಕ್ಷಕಿ. ಒಂದು ಚಳಿಗಾಲವಿಡೀ ಒಟ್ಟಾವಾದಲ್ಲಿ ಮೊಮ್ಮಗಳ ಆಟ ನೋಡಿಕೊಂಡು ಬಂದಿದ್ದೇನೆ.

ನಮ್ಮ ಶಾಲೆಗಳ ಟೆನ್ನಿಕಾಯ್ಟ್ ರಿಂಗು ಗೊತ್ತಲ್ಲ, ಹೆಚ್ಚುಕಡಿಮೆ ಅಂಥದೇ ರಬ್ಬರ್ ರಿಂಗು, ನೀಲಿ ಬಣ್ಣದ್ದು. ಕೋಲು ನೆಟ್ಟಗಿರುತ್ತದೆ, ಹಾಕಿ ಕೋಲಿನಂತೆ ತುದಿ ಬಾಗಿರುವುದಿಲ್ಲ. ತುದಿಯನ್ನು ರಿಂಗಿನೊಳಗೆ ಊರಿ ಸ್ಕೇಟ್ ಮೇಲೆ ಜಾರುತ್ತ ಒಯ್ಯಬೇಕು. ಗೋಲ್ ಕೀಪರ್ ಸೇರಿ ತಂಡಕ್ಕೆ ಆರು ಜನ. 1963ರಲ್ಲಿ ಒಂಟಾರಿಯೊದ ನಾರ್ತ್ ಬೇಯಲ್ಲಿ ಸ್ಯಾಮ್ ಜಾಕ್ಸ್ ಇದನ್ನು ಹೆಣ್ಣುಮಕ್ಕಳಿಗೆಂದೇ ರೂಪಿಸಿದರು. ಇಂದು ಕೆನಡಾಕ್ಕೆ ಸರಿಸಾಟಿಯಾಗಿ ಆಡುವ ದೇಶ ಫಿನ್ಲೆಂಡ್.

ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ನಿಯಮ. ಮೈದಾನಕ್ಕೆ ಅಡ್ಡಲಾಗಿ ಎರಡು ನೀಲಿ ಗೆರೆಗಳಿವೆ. ಎಷ್ಟೇ ಚುರುಕಿನವಳಾದರೂ ರಿಂಗನ್ನು ತಾನೇ ಹಿಡಿದುಕೊಂಡು ಆ ಗೆರೆ ದಾಟುವಂತಿಲ್ಲ. ಆಚೆ ಬದಿಯ ಜೊತೆಗಾತಿಗೆ ಕೊಡಲೇಬೇಕು. ಥ್ರೋಬಾಲ್ ಆಡಿಸುವಾಗ ಹಿಂದಿನ ಮೂಲೆಯಲ್ಲಿ ನಿಂತ ಹುಡುಗಿಗೆ ಇಡೀ ಪಂದ್ಯದಲ್ಲಿ ಒಮ್ಮೆಯೂ ಚೆಂಡು ಸಿಗದೆ ಹೋದದ್ದನ್ನು ಎಷ್ಟು ಸಲ ಕಂಡಿದ್ದೇನೆ! "ಅವಳಿಗೂ ಕೊಡಿ" ಎಂದು ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಇಲ್ಲಿ ಯಾರೂ ಕೂಗಬೇಕಿಲ್ಲ.

ಊರಿಗೆ ಬಂದ ಮೇಲೆ ಕೊನೆಗೊಯ್ಲು ಮುಗಿದು ಖಾಲಿಯಾಗಿದ್ದ ಅಡಿಕೆ ಅಂಗಳದಲ್ಲಿ ಕೇರಿಯ ಮಕ್ಕಳಿಗೆ ಇದನ್ನು ಆಡಿಸಿದೆ. ಬಿದಿರಿನ ಕೋಲು, ಟೆನ್ನಿಕಾಯ್ಟ್ ರಿಂಗು, ಸುಣ್ಣದ ಗೆರೆ. ಕೇರಿಗೇ ಜೋರಿನ ಹುಡುಗಿಯೊಬ್ಬಳು ಎಲ್ಲರನ್ನೂ ತಪ್ಪಿಸಿಕೊಂಡು ಓಡಿ ಬಂದವಳು ಗೆರೆಯ ಹತ್ತಿರ ಗಕ್ಕನೆ ನಿಂತಳು. ಆಚೆ ಇದ್ದವಳು ಮಾತೇ ಆಡದ ಚಿಕ್ಕವಳೊಬ್ಬಳು ಮಾತ್ರ. ಮೊದಲ ಸಲ ರಿಂಗು ಅವಳ ಕಾಲಿನ ಪಕ್ಕದಲ್ಲೇ ಜಾರಿ ಹೋಯಿತು. ಎರಡನೆಯ ಸಲ ಕೋಲು ಟಕ್ಕೆಂದು ಸಿಮೆಂಟಿಗೆ ತಾಗಿತು, ರಿಂಗು ಅದರ ಸುತ್ತ ಗಿರ್ರನೆ ತಿರುಗಿ ನಿಂತಿತು. ಅವಳು ತಲೆಯೆತ್ತಿ ನನ್ನ ಮುಖ ನೋಡಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಪೆಟ್ಟಿನ ಬಗ್ಗೆ ಕೇಳಿದ್ದೀರಿ. ಬೇಕೆಂದು ಮೈಗೆ ಮೈ ತಾಗಿಸಿದರೆ ಅದು ತಪ್ಪಾಟ. ಎದುರಾಳಿಯ ಕೋಲನ್ನು ನಿಮ್ಮ ಕೋಲಿನಿಂದ ಎತ್ತಿ ರಿಂಗು ಬಿಡಿಸಿಕೊಳ್ಳಬಹುದು, ಅಷ್ಟೇ. ಮುಖ ಮುಚ್ಚುವ ಹೆಲ್ಮೆಟ್, ಮೊಣಕಾಲು ಮೊಣಕೈಗಳ ರಕ್ಷಾಕವಚ ಇರುತ್ತವೆ. ಆದರೂ ಮಂಜುಗಡ್ಡೆಯ ಮೇಲೆ ಬೀಳುವುದು ತಪ್ಪದು. ಮೊದಲ ತಿಂಗಳು ಬೀಳುವುದು, ಏಳುವುದೇ ಪಾಠ. ಸ್ಕೇಟಿಂಗ್ ಬಾರದೆ ಆಟವಿಲ್ಲ, ಅಲ್ಲಿಗೆ ಹೋದ ಕೂಡಲೇ ಅದನ್ನು ಕಲಿಯಲು ಹಾಕಿ.

ಹೊರಡುವವರೆಗೆ ಮನೆಯಂಗಳದಲ್ಲೇ ರಿಂಗು ಹಿಡಿಯುವುದನ್ನು ಅಭ್ಯಾಸ ಮಾಡಿಸಿ. ಬಿದಿರಿನ ತುದಿಗೆ ಹಳೆಯ ಸೈಕಲ್ ಟ್ಯೂಬು ಬಿಗಿಯಾಗಿ ಸುತ್ತಿ, ಇಲ್ಲವಾದರೆ ಎರಡೇ ದಿನಕ್ಕೆ ಸೀಳುತ್ತದೆ.